ರಾಣಿಯ ಮುಖದ ಹಳೆಯ ಅಂಚೆಚೀಟಿಗಳು: ಕರಾವಳಿಯ ಸಂಗ್ರಾಹಕರಿಗೊಂದು ಕೈಪಿಡಿ

ಮಂಗಳೂರು ಅಥವಾ ಉಡುಪಿ ಕಡೆಯ ಹಳೆಯ ಮನೆಯ ಅಟ್ಟದಲ್ಲಿ ಕಿರೀಟ ತೊಟ್ಟ ಹೆಂಗಸಿನ ಮುಖವಿರುವ ಅಂಚೆಚೀಟಿ ಸಿಕ್ಕಿತೆಂದರೆ ಮನೆಯವರು ಮೊದಲು ಕೇಳುವುದು ‘ಇದಕ್ಕೆ ಎಷ್ಟು ಸಿಗಬಹುದು’ ಎಂದು. ಬಹುಪಾಲು ಸಂದರ್ಭಗಳಲ್ಲಿ ಸಿಗುವುದು ಅಲ್ಪವೇ. ವಿಕ್ಟೋರಿಯಾ ರಾಣಿಯ ಮುಖ ಬ್ರಿಟಿಷ್ ಭಾರತದ ಅಂಚೆಚೀಟಿಗಳ ಮೇಲೆ 1854ರಿಂದ ಆಕೆ ತೀರಿಕೊಂಡ 1901ರವರೆಗೂ ಇತ್ತು. ಆ ಅವಧಿಯಲ್ಲಿ ಅಂಥ ಚೀಟಿಗಳು ಲೆಕ್ಕವಿಲ್ಲದಷ್ಟು ಅಚ್ಚಾದವು, ಅವುಗಳಲ್ಲಿ ಹೇರಳವಾಗಿ ಉಳಿದೂ ಬಂದಿವೆ. ಆದ್ದರಿಂದ ಮುಖ ನೋಡಿ ಬೆಲೆ ಕಟ್ಟಲು ಬರುವುದಿಲ್ಲ. ಈ ಸಂಗ್ರಹಕ್ಕೆ ಇಳಿಯುವವರು ಮೊದಲು ರೂಢಿಸಿಕೊಳ್ಳಬೇಕಾದದ್ದು ಮುಖದ ಸುತ್ತ ಇರುವುದನ್ನು ನೋಡುವ ಅಭ್ಯಾಸ. ಚೌಕಟ್ಟಿನ ಅಕ್ಷರಗಳು, ಕಾಗದದೊಳಗಿನ ಜಲಚಿಹ್ನೆ, ಅಂಚಿನ ರಂಧ್ರಗಳು, ಮೇಲೆ ಬಿದ್ದ ಠಸ್ಸೆ, ಚೀಟಿ ಅಂಟಿಕೊಂಡಿರುವ ಲಕೋಟೆ ಇವೆಲ್ಲ ಸೇರಿ ಒಂದು ಚೀಟಿಯನ್ನು ಇನ್ನೊಂದರಿಂದ ಬೇರೆ ಮಾಡುತ್ತವೆ. ಈ ಬರಹ ಅವನ್ನು ಓದುವ ಬಗೆಯನ್ನೂ, ನಮ್ಮ ಮಳೆ–ಸೆಕೆಗಳ ನಡುವೆ ಕಾಪಾಡುವ ಬಗೆಯನ್ನೂ ಹೇಳುತ್ತದೆ.

ಮುಖ ಎಲ್ಲಿಂದ ಬಂತು

ಜಗತ್ತಿನ ಮೊದಲ ಅಂಟಿಸುವ ಅಂಚೆಚೀಟಿಯಾದ ‘ಪೆನ್ನಿ ಬ್ಲ್ಯಾಕ್’ 1840ರ ಮೇ 6ರಂದು ಬ್ರಿಟನ್ನಿನಲ್ಲಿ ಬಳಕೆಗೆ ಬಂದಿತು. ಅದರ ಮೇಲಿನ ಚಿತ್ರಕ್ಕೆ ಆಧಾರವಾದದ್ದು ವಿಲಿಯಂ ವಯನ್ ಎಂಬ ಪದಕಶಿಲ್ಪಿ ಲಂಡನ್ ನಗರಕ್ಕಾಗಿ ರೂಪಿಸಿದ ಪದಕ. 1837ರಲ್ಲಿ ಹೊಸ ರಾಣಿಯು ಆ ನಗರಕ್ಕೆ ಭೇಟಿಯಿತ್ತ ನೆನಪಿಗೆ ಆ ಪದಕವನ್ನು ಮಾಡಲಾಗಿತ್ತು. ವಯನ್ ಅದಕ್ಕೆ ಬಳಸಿಕೊಂಡದ್ದಾದರೂ ಆಕೆ 15 ವರ್ಷದ ರಾಜಕುಮಾರಿಯಾಗಿದ್ದಾಗ ತಾನು ಬರೆದಿಟ್ಟಿದ್ದ ರೂಪವನ್ನು. ಆ ಚಿತ್ರವನ್ನು ಚಾರ್ಲ್ಸ್ ಹೀತ್ ಮತ್ತು ಆತನ ಮಗ ಫ್ರೆಡರಿಕ್ ಹೀತ್ ಉಕ್ಕಿನ ಅಚ್ಚಿನಲ್ಲಿ ಕೊರೆದರು. ರಾಣಿಗೆ ಮಕ್ಕಳು ಮೊಮ್ಮಕ್ಕಳಾಗಿ 81 ವರ್ಷ ತುಂಬಿದರೂ ಬ್ರಿಟನ್ನಿನ ಚೀಟಿಗಳ ಮೇಲೆ ಆಕೆಗೆ ವಯಸ್ಸಾಗಲೇ ಇಲ್ಲ. ಭಾರತದ ಚೀಟಿಗಳಲ್ಲೂ ಬಹುಪಾಲು ಇದೇ ಕಥೆ. 1895ರಲ್ಲಿ ಬಂದ 2, 3 ಮತ್ತು 5 ರೂಪಾಯಿಯ ದೊಡ್ಡ ಚೀಟಿಗಳಲ್ಲಿ ಮಾತ್ರ ಮುಸುಕು ಹೊದ್ದ ಮುದಿ ರಾಣಿ ಕಾಣಿಸುತ್ತಾಳೆ.

ಚೀಟಿಗೆ ಮುಖವನ್ನೇ ಆರಿಸಿಕೊಂಡುದರ ಹಿಂದೆ ರಾಜಭಕ್ತಿಯ ಜತೆಗೆ ಒಂದು ವ್ಯಾವಹಾರಿಕ ಲೆಕ್ಕಾಚಾರವೂ ಇತ್ತು. ಹೂಬಳ್ಳಿಯ ಚಿತ್ತಾರದಲ್ಲಿ ಒಂದು ಗೆರೆ ಆಚೀಚೆಯಾದರೆ ಯಾರಿಗೂ ತಿಳಿಯುವುದಿಲ್ಲ, ಆದರೆ ಪರಿಚಿತ ಮುಖದಲ್ಲಿ ತುಟಿ ಸ್ವಲ್ಪ ಓರೆಯಾದರೂ ಕಣ್ಣು ಒಡನೆ ಗುರುತಿಸುತ್ತದೆ. ಹೀಗಾಗಿ ಖೋಟಾ ಚೀಟಿ ಮಾಡುವವನಿಗೆ ಮುಖವೇ ದೊಡ್ಡ ತೊಡಕು ಎಂಬುದು ಆಗಿನವರ ನಂಬಿಕೆ. ಈ ನಂಬಿಕೆ ಇಂದಿನ ಸಂಗ್ರಾಹಕನಿಗೂ ಉಪಯೋಗಕ್ಕೆ ಬರುತ್ತದೆ, ಅದನ್ನು ಮುಂದೆ ಹೇಳುತ್ತೇನೆ.

ನಮ್ಮ ದೇಶದ ಮಟ್ಟಿಗೆ 1852ರಲ್ಲಿ ಸಿಂಧ್ ಪ್ರಾಂತದಲ್ಲಿ ಬಂದ ‘ಸಿಂಧ್ ಡಾಕ್’ ಚೀಟಿಗಳೇ ಮೊದಲಿನವು. ಅವುಗಳ ಮೇಲೆ ಇದ್ದದ್ದು ಈಸ್ಟ್ ಇಂಡಿಯಾ ಕಂಪನಿಯ ವ್ಯಾಪಾರ ಗುರುತು, ರಾಣಿಯಲ್ಲ. ರಾಣಿಯ ಮುಖ ಕಾಣಿಸಿಕೊಂಡದ್ದು 1854ರಲ್ಲಿ. ಆ ವರ್ಷದ ಅಕ್ಟೋಬರ್ 1ರಿಂದ ದೇಶದಾದ್ಯಂತ ದೂರದ ಲೆಕ್ಕವಿಲ್ಲದೆ ತೂಕಕ್ಕಷ್ಟೇ ಟಪ್ಪಾಲು ದರ ವಿಧಿಸುವ ಪದ್ಧತಿ ಜಾರಿಗೆ ಬಂದಿತು: ಕಾಲು ತೊಲ ತೂಕದ ಪತ್ರ ಮಂಗಳೂರಿನಿಂದ ಮೂಲ್ಕಿಗೆ ಹೋದರೂ ಕಲ್ಕತ್ತೆಗೆ ಹೋದರೂ ಅರ್ಧಾಣೆ. ಒಂದು ರೂಪಾಯಿಗೆ 16 ಆಣೆ, ಒಂದು ಆಣೆಗೆ 12 ಪೈ ಎಂಬ ಹಳೆಯ ಲೆಕ್ಕವನ್ನು ಹೊಸ ತಲೆಮಾರಿನ ಸಂಗ್ರಾಹಕರು ಬಾಯಿಪಾಠ ಮಾಡಿಕೊಂಡರೆ ಚೀಟಿಯ ಮೇಲಿನ ಬೆಲೆ ಓದುವುದು ಸುಲಭವಾಗುತ್ತದೆ.

ಯಾವುದರಿಂದ ತೊಡಗಬೇಕು

ಹೊಸಬರು ಹೆಚ್ಚಾಗಿ ಪೆನ್ನಿ ಬ್ಲ್ಯಾಕ್‌ನ ಕನಸು ಕಾಣುತ್ತಾರೆ. ಅದು ಜನರು ಭಾವಿಸುವಷ್ಟು ಅಪರೂಪದ್ದಲ್ಲ, ಸುಮಾರು 6.8 ಕೋಟಿ ಚೀಟಿಗಳು ಅಚ್ಚಾಗಿದ್ದವು. ಆದರೂ ಕೊಳ್ಳಹೋದರೆ ದುಬಾರಿಯೇ, ಮತ್ತು ಅದನ್ನು ಕೊಂಡು ಆಲ್ಬಮ್ಮಿನಲ್ಲಿಟ್ಟ ಮೇಲೆ ಕರಾವಳಿಯಲ್ಲಿ ಕುಳಿತವರಿಗೆ ಮುಂದೆ ಹುಡುಕಲು ಹೆಚ್ಚೇನೂ ಉಳಿಯುವುದಿಲ್ಲ. 1854ರ ಭಾರತೀಯ ಚೀಟಿಗಳೂ ಮೊದಲ ಮೆಟ್ಟಿಲಿಗೆ ತಕ್ಕವಲ್ಲ, ಏಕೆಂದರೆ ಅವುಗಳಲ್ಲಿ ಖೋಟಾ ಮತ್ತು ಮರುಮುದ್ರಣಗಳ ಹಾವಳಿ ಹೆಚ್ಚು. ನನ್ನ ಮಟ್ಟಿಗೆ ತೊಡಗಲು ಯೋಗ್ಯವಾದವು 1882ರಿಂದ ಬಂದ ಸಾಮಾನ್ಯ ಬೆಲೆಯ ಚೀಟಿಗಳು, ಅದರಲ್ಲೂ ಹಸಿರು ಅರ್ಧಾಣೆ. ಬಳಸಿದ ಪ್ರತಿಗಳು ಹೋಟೆಲಿನ ಒಂದು ಊಟದ ಖರ್ಚಿಗಿಂತ ಕಡಿಮೆಗೆ ಸಿಗುತ್ತವೆ, ಕೈತಪ್ಪಿ ಒಂದು ಹಾಳಾದರೂ ದುಃಖವಿಲ್ಲ, ಮತ್ತು ಊರೂರಿನ ಠಸ್ಸೆಗಳು ಸ್ಪಷ್ಟವಾಗಿ ಬಿದ್ದಿರುವುದು ಇವುಗಳ ಮೇಲೆಯೇ.

ಸಲಕರಣೆಗಳ ಪಟ್ಟಿ ಚಿಕ್ಕದು. ತುದಿ ಚೂಪಾಗಿರದ ಅಂಚೆಚೀಟಿ ಚಿಮಟ, ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿ, ರಂಧ್ರ ಅಳೆಯುವ ಗೇಜು, ಜಲಚಿಹ್ನೆ ನೋಡಲು ಕಪ್ಪು ತಟ್ಟೆ, ಮತ್ತು ಚೀಟಿಗಳನ್ನು ಅಂಟಿಸದೆ ಸಿಕ್ಕಿಸಿಡುವ ಒಂದು ಒಳ್ಳೆಯ ಸ್ಟಾಕ್‌ಬುಕ್ ಇದ್ದರೆ ಸಾಕು. ಹುಬ್ಬು ಕೀಳುವ ಚಿಮಟ ಬೇಡ, ಅದರ ಹಲ್ಲು ಕಾಗದವನ್ನು ಕಚ್ಚುತ್ತದೆ. ಬೆವರು ಹೆಚ್ಚಿರುವ ನಮ್ಮ ಊರಿನಲ್ಲಿ ಚೀಟಿಯನ್ನು ಬರಿಗೈಯಲ್ಲಿ ಹಿಡಿಯುವ ಅಭ್ಯಾಸವನ್ನು ಮೊದಲ ದಿನದಿಂದಲೇ ಬಿಡಬೇಕು.

ಚೀಟಿಯನ್ನು ಓದುವ ಕ್ರಮ

ಮೊದಲು ನೋಡಬೇಕಾದದ್ದು ಚೌಕಟ್ಟಿನಲ್ಲಿರುವ ಇಂಗ್ಲಿಷ್ ಅಕ್ಷರ. 1854ರ ಅರ್ಧಾಣೆ ಮತ್ತು ಒಂದಾಣೆ ಚೀಟಿಗಳಲ್ಲಿ ಮೇಲ್ಗಡೆ ‘ಇಂಡಿಯಾ’ ಎಂದಷ್ಟೇ ಇದೆ, ಕೆಳಗೆ ಬೆಲೆ ಇದೆ. 1855ರ ಕೊನೆಯಿಂದ ಲಂಡನ್ನಿನ ಡಿ ಲಾ ರೂ ಕಂಪನಿ ಅಚ್ಚು ಹಾಕಿ ಕಳುಹಿಸಿದ ಚೀಟಿಗಳಲ್ಲಿ ‘ಈಸ್ಟ್ ಇಂಡಿಯಾ ಪೋಸ್ಟೇಜ್’ ಎಂದಿದೆ. 1877ರಲ್ಲಿ ರಾಣಿ ಭಾರತದ ಚಕ್ರವರ್ತಿನಿ ಎಂಬ ಬಿರುದು ಧರಿಸಿದ ಬಳಿಕ, 1882ರಲ್ಲಿ ತೊಡಗಿದ ಹೊಸ ಸರಣಿಯಲ್ಲಿ ‘ಈಸ್ಟ್’ ಬಿದ್ದುಹೋಗಿ ‘ಇಂಡಿಯಾ ಪೋಸ್ಟೇಜ್’ ಉಳಿಯಿತು. ಇಷ್ಟು ತಿಳಿದರೆ ಕೈಗೆ ಬಂದ ನೂರು ಚೀಟಿಗಳನ್ನು ಒಂದು ಸಂಜೆಯಲ್ಲಿ ಮೂರು ಗುಡ್ಡೆ ಮಾಡಬಹುದು. ಅರ್ಧಾಣೆಯ ವಿಷಯದಲ್ಲಿ ಬಣ್ಣವೂ ನೆರವಿಗೆ ಬರುತ್ತದೆ: ‘ಈಸ್ಟ್ ಇಂಡಿಯಾ’ ಅರ್ಧಾಣೆ ನೀಲಿ, ‘ಇಂಡಿಯಾ’ ಅರ್ಧಾಣೆ ಹಸಿರು. ಒಂದಾಣೆಯ ಕಂದು ಬಣ್ಣ ಮಾತ್ರ ಎರಡರಲ್ಲೂ ಹತ್ತಿರಹತ್ತಿರವಿದ್ದು, ಹಳೆಯದು ಶುದ್ಧ ಕಂದು, ಹೊಸದು ನೇರಳೆ ಮಿಶ್ರಿತ ಕಂದು ಎಂಬ ಭೇದ ಹಗಲು ಬೆಳಕಿನಲ್ಲಷ್ಟೇ ತಿಳಿಯುತ್ತದೆ. 1900ರಲ್ಲಿ ಬಣ್ಣಗಳು ಮತ್ತೊಮ್ಮೆ ಬದಲಾಗಿ ಅರ್ಧಾಣೆ ಹಳದಿಹಸಿರಾಯಿತು, ಒಂದಾಣೆ ಕೆಂಪಾಯಿತು.

ಎರಡನೆಯದು ಜಲಚಿಹ್ನೆ. ಡಿ ಲಾ ರೂ ಚೀಟಿಗಳ ಕಾಗದದಲ್ಲಿ ಮೊದಲ ಹತ್ತು ವರ್ಷ ಯಾವ ಗುರುತೂ ಇರಲಿಲ್ಲ. 1865ರಿಂದ ಪ್ರತಿ ಚೀಟಿಯ ಕಾಗದದೊಳಗೆ ಆನೆಯ ತಲೆ ಬಂದಿತು. 1882ರ ಸರಣಿಯಿಂದ ಆನೆ ಹೋಗಿ ನಕ್ಷತ್ರ ಬಂದಿತು. ಚೀಟಿಯನ್ನು ಮುಖ ಕೆಳಗಾಗಿ ಕಪ್ಪು ತಟ್ಟೆಯಲ್ಲಿಟ್ಟು ಓರೆ ಬೆಳಕಿನಲ್ಲಿ ನೋಡಿದರೆ ಹಲವು ಬಾರಿ ನಕ್ಷತ್ರ ಹಾಗೆಯೇ ಕಾಣುತ್ತದೆ. ಕಾಣದಿದ್ದರೆ ಸಿಗರೇಟ್ ಲೈಟರಿಗೆ ತುಂಬಿಸುವ ಪೆಟ್ರೋಲಿನ ಒಂದೆರಡು ಹನಿ ಬಿಟ್ಟರೆ ಕಾಗದ ತೆಳುವಾಗಿರುವ ಕಡೆ ಕಪ್ಪಾಗಿ ಗುರುತು ಮೂಡುತ್ತದೆ, ಕೆಲವು ಕ್ಷಣಗಳಲ್ಲಿ ಅದು ಆರಿಹೋಗುತ್ತದೆ. ಕಿಟಕಿ ತೆರೆದಿಟ್ಟು, ಒಲೆ, ದೀಪ, ಊದುಬತ್ತಿಗಳಿಂದ ದೂರ ಕುಳಿತು ಈ ಕೆಲಸ ಮಾಡಬೇಕು. ದೇವರ ಕೋಣೆಗೆ ಹತ್ತಿರದ ಮೇಜು ಇದಕ್ಕೆ ಸಲ್ಲದು. ಇದೇ ಪರೀಕ್ಷೆಯಲ್ಲಿ ಚೀಟಿಯ ಹಿಂಬದಿಯಲ್ಲಿ ಕಾಗದ ಕಿತ್ತು ತೆಳುವಾದ ಜಾಗ, ಮಡಿಕೆ ಬಿದ್ದ ಗೆರೆ, ತೇಪೆ ಹಾಕಿದ ಮೂಲೆಗಳೂ ಬಯಲಾಗುತ್ತವೆ. ಕೊಳ್ಳುವ ಮುನ್ನ ಈ ಪರೀಕ್ಷೆಗೆ ಒಪ್ಪದ ವ್ಯಾಪಾರಿಯಿಂದ ಬೆಲೆಬಾಳುವ ಚೀಟಿ ಕೊಳ್ಳಬಾರದು.

ಮೂರನೆಯದು ಅಂಚು. ಡಿ ಲಾ ರೂ ಸಾಮಾನ್ಯ ಚೀಟಿಗಳ ರಂಧ್ರಮಾನ 14, ಅಂದರೆ ಎರಡು ಸೆಂಟಿಮೀಟರ್ ಉದ್ದದಲ್ಲಿ 14 ರಂಧ್ರ. 1854ರ ಚೀಟಿಗಳಿಗೆ ರಂಧ್ರವೂ ಇರಲಿಲ್ಲ, ಹಿಂದೆ ಅಂಟೂ ಇರಲಿಲ್ಲ. ಕತ್ತರಿಯಿಂದ ಕತ್ತರಿಸಿ, ಅಂಟು ಹಚ್ಚಿ ಅಂಟಿಸಬೇಕಿತ್ತು. ಅಂಚೆ ಕಚೇರಿಯ ಕತ್ತರಿ ಚಿತ್ರದೊಳಕ್ಕೆ ಹಾಯದೆ ನಾಲ್ಕೂ ಕಡೆ ಬಿಳಿ ಅಂಚು ಉಳಿದಿರುವ ಪ್ರತಿಗೆ ಬೆಲೆ ಹೆಚ್ಚು.

1854ರ ಚೀಟಿಗಳ ಬಗ್ಗೆ ಸ್ವಲ್ಪ ಹೆಚ್ಚು

ಮೊದಲ ಮೆಟ್ಟಿಲಿಗೆ ತಕ್ಕವಲ್ಲ ಎಂದೆನಾದರೂ ಇವನ್ನು ಬಲ್ಲದೆ ಈ ಸಂಗ್ರಹದ ಸೊಗಸು ತಿಳಿಯುವುದಿಲ್ಲ. ಕಲ್ಕತ್ತೆಯ ಸರ್ವೇ ಕಚೇರಿಯಲ್ಲಿ ಕ್ಯಾಪ್ಟನ್ ಹೆನ್ರಿ ಥುಯಿಲಿಯರ್ ಮೇಲ್ವಿಚಾರಣೆಯಲ್ಲಿ ಇವು ಕಲ್ಲಚ್ಚಿನಲ್ಲಿ ಮುದ್ರಣಗೊಂಡವು. ಮಂಗಳೂರಿನವರಿಗೆ ಕಲ್ಲಚ್ಚು ಹೊಸತಲ್ಲ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರು ಸಮಾಚಾರ’ 1843ರಲ್ಲಿ ಇಲ್ಲಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಹೊರಬಂದದ್ದೂ ಕಲ್ಲಚ್ಚಿನಲ್ಲೇ. ಕಲ್ಲಿನ ಮೇಲೆ ಒಂದೊಂದು ಚಿತ್ರವನ್ನೂ ಪ್ರತ್ಯೇಕವಾಗಿ ಇಳಿಸಬೇಕಾಗಿದ್ದುದರಿಂದ ಒಂದೇ ಹಾಳೆಯ 96 ಅರ್ಧಾಣೆಗಳಲ್ಲಿ ಸಣ್ಣಪುಟ್ಟ ವ್ಯತ್ಯಾಸಗಳಿವೆ, ಮತ್ತು ಆ ವ್ಯತ್ಯಾಸಗಳ ಬೆನ್ನು ಹತ್ತಿ ಆಯುಷ್ಯ ಕಳೆದ ಸಂಗ್ರಾಹಕರಿದ್ದಾರೆ.

ಅರ್ಧಾಣೆ ಮೊದಲು ಕೆಂಪು ಬಣ್ಣದಲ್ಲಿ ಅಚ್ಚಾಗಿತ್ತು. ಇಂಗ್ಲೆಂಡಿನಿಂದ ಬಂದ ಕೆಂಪು ಶಾಯಿ ಮುಗಿದುಹೋಗಿ ಕೆಲಸ ನಿಂತಾಗ ಹೊಸ ಕಲ್ಲು ಸಿದ್ಧಪಡಿಸಿ ನೀಲಿಗೆ ಬದಲಾಯಿಸಿದರು. ಕೆಂಪು ಅರ್ಧಾಣೆ ಸಾರ್ವಜನಿಕ ಬಳಕೆಗೆ ಬಿಡುಗಡೆಯಾಗಲೇ ಇಲ್ಲ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಭೂತಗನ್ನಡಿ ಹಿಡಿದರೆ ರಾಣಿಯ ಎಡಬಲದ ಅಂಚುಪಟ್ಟಿಯಲ್ಲಿ ಸಾಲಾಗಿ ಪುಟ್ಟ ಕಮಾನುಗಳು ಕಾಣುತ್ತವೆ. ನೀಲಿಯಲ್ಲಿ ಅವು ಎಂಟು, ಕೆಂಪಿನಲ್ಲಿ ಒಂಬತ್ತೂವರೆ. ಸಂಗ್ರಾಹಕರು ಕೆಂಪು ಚೀಟಿಯನ್ನು ಕರೆಯುವುದೇ ಈ ಒಂಬತ್ತೂವರೆ ಕಮಾನಿನ ಹೆಸರಿನಿಂದ. ನಾಲ್ಕಾಣೆ ಚೀಟಿಯದು ಇನ್ನೊಂದು ಕಥೆ. ಅದರ ಚೌಕಟ್ಟು ಕೆಂಪು, ರಾಣಿಯ ತಲೆ ನೀಲಿ. ಹಾಳೆಯನ್ನು ಎರಡು ಸಲ ಯಂತ್ರಕ್ಕೆ ಕೊಡಬೇಕಿತ್ತು. ಹಾಗೆ ಕೊಡುವಾಗ ಹಾಳೆ ತಿರುಗಿಹೋಗಿ, ಚೌಕಟ್ಟಿನೊಳಗೆ ರಾಣಿ ತಲೆಕೆಳಗಾದ ಕೆಲವು ಪ್ರತಿಗಳು ಹುಟ್ಟಿಕೊಂಡವು. ಜಗತ್ತಿನ ಅತ್ಯಂತ ಹೆಸರಾಂತ ಅಂಚೆಚೀಟಿ ತಪ್ಪುಗಳಲ್ಲಿ ಇದೂ ಒಂದು. ನಿಮ್ಮ ಅಟ್ಟದಲ್ಲಿ ಅದು ಸಿಕ್ಕಿದೆಯೆಂದು ಯಾರಾದರೂ ಹೇಳಿದರೆ ಸಂತೋಷಪಡುವ ಮುನ್ನ ಸಂಶಯಪಡುವುದು ಲೇಸು. ಅದೇ ವರ್ಷದ ಹಸಿರು ಎರಡಾಣೆ ಮಾತ್ರ ಕಲ್ಲಚ್ಚಿನದಲ್ಲ, ಕಲ್ಕತ್ತೆಯ ಟಂಕಸಾಲೆಯಲ್ಲಿ ಲೋಹದ ಉಬ್ಬಚ್ಚಿನಿಂದ ಮುದ್ರಿಸಿದ್ದು.

ಖೋಟಾ ಗುರುತಿಸಲು ಮುಖಕ್ಕೆ ಮರಳಬೇಕು. ಅಸಲಿ ಪ್ರತಿಯ ದೊಡ್ಡದಾದ, ಸ್ಪಷ್ಟವಾದ ಚಿತ್ರವನ್ನು ಪಕ್ಕದಲ್ಲಿಟ್ಟುಕೊಂಡು ಮೂಗಿನ ತುದಿಯಿಂದ ಗಲ್ಲದವರೆಗಿನ ಗೆರೆ, ತುರುಬಿನ ಎಳೆಗಳು, ಕತ್ತಿನ ಕೆಳಗಿನ ಕೊನೆಯ ತಿರುವು ಇವನ್ನು ಒಂದೊಂದಾಗಿ ಹೋಲಿಸಿ. ಖೋಟಾದಲ್ಲಿ ರಾಣಿಗೆ ಯಾವುದೋ ಬೇರೆ ಹೆಂಗಸಿನ ಚಹರೆ ಬಂದಿರುತ್ತದೆ. ಏನು ತಪ್ಪೆಂದು ಹೇಳಲು ಬಾರದಿದ್ದರೂ ‘ಇವಳು ಅವಳಲ್ಲ’ ಎಂದು ಮನಸ್ಸಿಗೆ ಹೊಳೆಯುತ್ತದೆ. ಆ ಅನಿಸಿಕೆಯನ್ನು ನಂಬಿ. ಕಲ್ಲಚ್ಚಿನ ಚೀಟಿಗಳನ್ನು ಮುಂದೆ ಸರ್ಕಾರವೇ ಮರುಮುದ್ರಣ ಮಾಡಿದ್ದೂ ಉಂಟು, ಅವುಗಳ ಮುಖ ಸರಿಯಾಗಿಯೇ ಇರುವುದರಿಂದ ಅಲ್ಲಿ ಕಾಗದ ಮತ್ತು ಬಣ್ಣಗಳ ಪರೀಕ್ಷೆ ಬೇಕಾಗುತ್ತದೆ. ದೊಡ್ಡ ಮೊತ್ತ ಕೊಡುವ ಸಂದರ್ಭದಲ್ಲಿ ಲಂಡನ್ನಿನ ರಾಯಲ್ ಫಿಲಾಟೆಲಿಕ್ ಸೊಸೈಟಿಯಂಥ ಮಾನ್ಯ ತಜ್ಞ ಸಂಸ್ಥೆಯ ಪ್ರಮಾಣಪತ್ರ ಕೇಳುವುದು ರೂಢಿ, ಅದರಲ್ಲಿ ಸಂಕೋಚ ಬೇಡ.

ಅಂಚೆಯದಲ್ಲದ ರಾಣಿಯರು

ನಮ್ಮಲ್ಲಿ ಹೊಸಬರು ಎಡವುವುದು ಇಲ್ಲಿಯೇ. ರಾಣಿಯ ಮುಖವಿದ್ದ ಮಾತ್ರಕ್ಕೆ ಅದು ಅಂಚೆಚೀಟಿ ಎನ್ನುವಂತಿಲ್ಲ. ಕೋರ್ಟು ಶುಲ್ಕ, ರಸೀದಿ, ಹುಂಡಿ ಮೊದಲಾದವಕ್ಕೆ ಬಳಸಿದ ಕಂದಾಯ ಸ್ಟಾಂಪುಗಳಲ್ಲೂ ಅದೇ ಮುಖವಿದೆ. ಉದ್ದನೆಯ ಚೀಟಿಯಲ್ಲಿ ಒಂದರ ಕೆಳಗೊಂದು ಎರಡು ತಲೆಗಳಿದ್ದರೆ ಅದು ತಂತಿ ಇಲಾಖೆಯದು. ಶಾಯಿಯಲ್ಲಿ ಗೀಟು ಎಳೆದು ಸಹಿ ಹಾಕಿದ ಚೀಟಿ ಹೆಚ್ಚಾಗಿ ಕಂದಾಯದ ಕೆಲಸಕ್ಕೆ ಬಳಕೆಯಾದದ್ದು. ಅಂಥ ಗೀಟನ್ನು ರಾಸಾಯನಿಕದಲ್ಲಿ ತೊಳೆದು, ಮೇಲೆ ಸುಳ್ಳು ಠಸ್ಸೆ ಒತ್ತಿ ಮಾರುವವರೂ ಇದ್ದಾರೆ. ‘ಸರ್ವಿಸ್’ ಅಥವಾ ‘ಆನ್ ಎಚ್.ಎಂ.ಎಸ್.’ ಎಂದು ಕಪ್ಪು ಅಕ್ಷರಗಳನ್ನು ಮೇಲಚ್ಚು ಮಾಡಿದವು ಸರ್ಕಾರಿ ಕಚೇರಿಗಳ ಬಳಕೆಯವು. ಗ್ವಾಲಿಯರ್, ಪಟಿಯಾಲಾ, ಜೀಂದ್, ನಾಭಾ, ಚಂಬಾ, ಫರೀದ್‌ಕೋಟ್ ಎಂಬ ಮೇಲಚ್ಚು ಇದ್ದರೆ ಅವು ಆಯಾ ಸಂಸ್ಥಾನದವು.

ಕರಾವಳಿಯಲ್ಲಿ ಇನ್ನೊಂದು ಎಚ್ಚರಿಕೆಯೂ ಬೇಕು. ಗುತ್ತಿನ ಮನೆಗಳ, ಬಾಸೆಲ್ ಮಿಷನ್ ಕಾಲದ ವ್ಯಾಪಾರಿಗಳ ಪೆಟ್ಟಿಗೆಗಳಲ್ಲಿ ಮೂಲಗೇಣಿ, ಚಾಲಗೇಣಿ ಪತ್ರಗಳು ರಾಣಿಯ ಮುದ್ರೆಯ ಛಾಪಾ ಕಾಗದದಲ್ಲಿ ಸಿಗುತ್ತವೆ. ಮುದ್ರೆ ಚೆಂದವಿದೆಯೆಂದು ಅದನ್ನು ಕತ್ತರಿಸಿ ತೆಗೆದವರನ್ನು ಕಂಡರೆ ಸಿಟ್ಟು ಬರುತ್ತದೆ. ಕತ್ತರಿಸಿದ ಮುದ್ರೆಗೆ ಕಾಸಿನ ಬೆಲೆಯಿಲ್ಲ, ಕತ್ತರಿಸಿಕೊಂಡ ದಾಖಲೆಯೂ ಹಾಳು, ಮತ್ತು ಆ ಭೂಮಿಯ ಮೇಲಿನ ವ್ಯಾಜ್ಯಕ್ಕೆ ಅದೇ ಕಾಗದ ನಾಳೆ ಬೇಕಾದೀತು.

ಠಸ್ಸೆ ಮತ್ತು ಲಕೋಟೆ: ನಮ್ಮ ಊರಿನ ಪಾಲು

ರಾಣಿಯ ಚೀಟಿಗಳನ್ನು ಲಂಡನ್ನಿನವರೂ ಕಲೆಹಾಕುತ್ತಾರೆ, ಮುಂಬಯಿಯವರೂ ಕಲೆಹಾಕುತ್ತಾರೆ. ಅವರಿಗಿಂತ ನಮಗೆ ಸುಲಭವಾದ, ಅವರಿಗೆ ಎಟುಕದ ಒಂದು ಹಾದಿ ಇದೆ: ಹಳೆಯ ದಕ್ಷಿಣ ಕನ್ನಡ ಜಿಲ್ಲೆಯ ಊರುಗಳ ಠಸ್ಸೆ ಬಿದ್ದ ಚೀಟಿಗಳನ್ನೇ ಹುಡುಕಿ ಸೇರಿಸುವುದು. ಆ ಜಿಲ್ಲೆ ಮದ್ರಾಸ್ ಪ್ರಾಂತಕ್ಕೆ ಸೇರಿದ್ದುದರಿಂದ ಇಲ್ಲಿ ಬಳಕೆಯಾದದ್ದು ಬ್ರಿಟಿಷ್ ಭಾರತದ ಚೀಟಿಗಳೇ. ಘಟ್ಟದ ಮೇಲೆ ಮೈಸೂರು ಸಂಸ್ಥಾನ ತನ್ನದೇ ಅಂಚೆಯನ್ನು 1889ರವರೆಗೆ ನಡೆಸುತ್ತಿತ್ತು. ಉಡುಪಿ, ಕುಂದಾಪುರ, ಕಾರ್ಕಳ, ಬಂಟ್ವಾಳ, ಪುತ್ತೂರುಗಳ ಜತೆಗೆ ಕಾಸರಗೋಡನ್ನೂ ಈ ಸಂಗ್ರಹದೊಳಗೆ ಸೇರಿಸಿಕೊಳ್ಳಬೇಕು, ಏಕೆಂದರೆ 1956ರವರೆಗೆ ಅದೂ ಇದೇ ಜಿಲ್ಲೆಯಲ್ಲಿತ್ತು. ಬ್ರಿಟಿಷರ ಕಾಲದ ಬರಹದಲ್ಲಿ ಉಡುಪಿ ‘ಉಡಿಪಿ’ ಆಗಿರುತ್ತದೆ, ಕುಂದಾಪುರ ‘ಕೂಂಡಾಪೂರ್’ ಆಗಿರುತ್ತದೆ. ಠಸ್ಸೆಯಲ್ಲಿ ಅರ್ಧ ಮಾತ್ರ ಕಾಣುವ ಅಕ್ಷರಗಳನ್ನು ಊಹಿಸುವಾಗ ಇದು ನೆನಪಿರಲಿ.

1850ರ ದಶಕದ ಠಸ್ಸೆಗಳಲ್ಲಿ ಬಹಳಷ್ಟರಲ್ಲಿ ಊರಿನ ಹೆಸರೇ ಇರುವುದಿಲ್ಲ, ಬದಲಿಗೆ ಒಂದು ಸಂಖ್ಯೆ ಇರುತ್ತದೆ. ಪ್ರತಿ ಅಂಚೆ ಕಚೇರಿಗೂ ಒಂದು ಸಂಖ್ಯೆ ಕೊಟ್ಟಿದ್ದರು. ಆಗ ಭಾರತದ ಚೀಟಿಗಳನ್ನೇ ಬಳಸುತ್ತಿದ್ದ ಏಡನ್ನಿನ ಸಂಖ್ಯೆ 124, ಸಿಂಗಾಪುರದ್ದು ಬಿ 172. ಈ ಸಂಖ್ಯೆಗಳ ಪಟ್ಟಿಗಳು ಸಂಗ್ರಾಹಕರ ವಲಯದಲ್ಲಿ ಸಿಗುತ್ತವೆ. ಅದರಲ್ಲಿ ಮದ್ರಾಸ್ ವಲಯದ ಪುಟಗಳನ್ನು ನಕಲು ಮಾಡಿಕೊಂಡು ಕೈಯಲ್ಲಿಟ್ಟುಕೊಂಡರೆ, ವ್ಯಾಪಾರಿ ಸಾಮಾನ್ಯವೆಂದು ಬದಿಗಿಟ್ಟ ನೀಲಿ ಅರ್ಧಾಣೆಯಲ್ಲಿ ನಮ್ಮೂರು ಸಿಕ್ಕುವ ಸಾಧ್ಯತೆ ಇದೆ. 1880ರ ಬಳಿಕದ ಠಸ್ಸೆಗಳಲ್ಲಿ ಊರಿನ ಹೆಸರು ಮತ್ತು ತಾರೀಕು ಓದಲು ಬರುತ್ತವೆ.

ಇಡೀ ಲಕೋಟೆ ಸಿಕ್ಕರೆ ಚೀಟಿಯನ್ನು ಕೀಳಬೇಡಿ, ಕತ್ತರಿಸಬೇಡಿ, ನೆನೆಸಬೇಡಿ. ಮಂಗಳೂರಿಗೆ ರೈಲು ಬಂದದ್ದು 1907ರಲ್ಲಿ; ವಿಕ್ಟೋರಿಯಾ ಕಾಲದ ಟಪ್ಪಾಲು ಇಲ್ಲಿಗೆ ಬರುತ್ತಿದ್ದದ್ದು ಓಟಗಾರರ ಹೆಗಲ ಮೇಲೆ, ಎತ್ತಿನ ಗಾಡಿಯಲ್ಲಿ, ಮತ್ತು ಹಡಗಿನಲ್ಲಿ. ಲಕೋಟೆಯ ಮುಂಭಾಗದಲ್ಲಿ ಹೊರಟ ಊರಿನ ಠಸ್ಸೆ, ಹಿಂಭಾಗದಲ್ಲಿ ತಲುಪಿದ ಊರಿನ ಠಸ್ಸೆ ಇದ್ದರೆ ಪತ್ರಕ್ಕೆ ದಾರಿಯಲ್ಲಿ ಎಷ್ಟು ದಿನ ಹಿಡಿಯಿತೆಂದು ಲೆಕ್ಕ ಹಾಕಬಹುದು, ನಡುವಿನ ಠಸ್ಸೆಗಳಿಂದ ಹೋದ ದಾರಿಯನ್ನೂ ಹೇಳಬಹುದು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ಸ್ವಿಟ್ಜರ್ಲೆಂಡಿನ ಜತೆ ಸತತ ಪತ್ರವ್ಯವಹಾರ ನಡೆಸುತ್ತಿತ್ತು; ಹಂಚಿನ ಕಾರ್ಖಾನೆಗಳು ಮತ್ತು ಕಾಫಿ ವ್ಯಾಪಾರವೂ ವಿದೇಶಿ ಟಪ್ಪಾಲಿಗೆ ಕಾರಣವಾಗಿದ್ದವು. 1891ರಲ್ಲಿ ನಾಲ್ಕಾಣೆ ಆರು ಪೈ ಚೀಟಿಯ ಮೇಲೆ ಎರಡೂವರೆ ಆಣೆ ಎಂದು ಮೇಲಚ್ಚು ಮಾಡಿ ಬಿಟ್ಟದ್ದು ಇಂಥ ವಿದೇಶಿ ಪತ್ರಗಳಿಗೆಂದೇ. ಅದು ಮಂಗಳೂರಿನ ಠಸ್ಸೆಯೊಂದಿಗೆ ಯುರೋಪಿನ ವಿಳಾಸದ ಲಕೋಟೆಯ ಮೇಲೆ ಸಿಕ್ಕರೆ ಬಿಡಿ ಚೀಟಿಗಿಂತ ಹಲವು ಪಟ್ಟು ಮೇಲು. ಯುರೋಪಿನ ವ್ಯಾಪಾರಿಗಳ ಜಾಲತಾಣಗಳಲ್ಲಿ ಊರಿನ ಹಳೆಯ ಹೆಸರಿನಿಂದ ಹುಡುಕುವುದು ಇದಕ್ಕೆ ಒಳ್ಳೆಯ ಉಪಾಯ, ಏಕೆಂದರೆ ಇಲ್ಲಿಂದ ಹೋದ ಪತ್ರ ಉಳಿದಿರುವುದು ಅಲ್ಲಿಯೇ.

ಕೈ ಬಿಗಿಯಿರುವವರಿಗೆ ಅಂಚೆ ಕಾರ್ಡುಗಳಿವೆ. 1879ರ ಜುಲೈಯಲ್ಲಿ ಕಾಲಾಣೆಯ ಕಾರ್ಡು ಬಂದಿತು; ರಾಣಿಯ ತಲೆ ಕಾರ್ಡಿನ ಮೇಲೆಯೇ ಅಚ್ಚಾಗಿದೆ. ಕಾರ್ಡಿನ ಹಿಂದೆ ಮೋಡಿಯಂಥ ಕನ್ನಡ ಕೈಬರಹದಲ್ಲಿ ‘ಕ್ಷೇಮ’ ಎಂಬಲ್ಲಿಂದ ತೊಡಗಿ ಅಕ್ಕಿ, ತೆಂಗಿನಕಾಯಿ, ಸಾಲದ ಬಡ್ಡಿ, ಮದುವೆಯ ಮಾತುಕತೆಗಳೆಲ್ಲ ಅಂಗೈಯಗಲದಲ್ಲಿ ತುಂಬಿರುತ್ತವೆ. ಲಕೋಟೆಗಳಷ್ಟು ಇವನ್ನು ಯಾರೂ ಜೋಪಾನ ಮಾಡಲಿಲ್ಲ, ಹಾಗಿದ್ದೂ ಅಂಗಡಿಯ ಹಳೆಯ ಕಡತಗಳಲ್ಲಿ ತಂತಿಗೆ ಚುಚ್ಚಿದ ಸ್ಥಿತಿಯಲ್ಲಿ ಸಿಗುತ್ತವೆ. ನಡುವೆ ತೂತಿರುವ ಕಾರ್ಡನ್ನು ಬೇಡವೆನ್ನಬೇಡಿ. ವ್ಯಾಪಾರಿಗಳ ಪತ್ರಗಳನ್ನು ಹಾಗೆಯೇ ಇಡುತ್ತಿದ್ದರು.

ಹುಡುಕುವ ಸ್ಥಳಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಮನೆ ಕೆಡಹುವ ಮುನ್ನ ಗುಜರಿಯವನಿಗೆ ಹೋಗುವ ಕಾಗದದ ಮೂಟೆಯನ್ನು ಒಮ್ಮೆ ನೋಡಲು ಬಿಡಿ ಎಂದು ಪರಿಚಯದವರಲ್ಲಿ ಹೇಳಿಟ್ಟಿರಬೇಕು. ಪಾಂಡೇಶ್ವರದ ಪ್ರಧಾನ ಅಂಚೆ ಕಚೇರಿಯಂಥ ಕಡೆ ಸಿಗುವುದು ಇಂದಿನ ಅಂಚೆಚೀಟಿಗಳು, ಹಳೆಯವಲ್ಲ; ಅಲ್ಲಿಗೆ ಹೋಗುವುದರ ಲಾಭವೆಂದರೆ ಇತರ ಸಂಗ್ರಾಹಕರ ಪರಿಚಯ. ರಾಜ್ಯ ಮಟ್ಟದ ‘ಕರ್ನಾಪೆಕ್ಸ್’ ಪ್ರದರ್ಶನ ನಡೆದಾಗ ವ್ಯಾಪಾರಿಗಳು ಮಳಿಗೆ ಹಾಕುತ್ತಾರೆ, ಅಲ್ಲಿ ಚೀಟಿಯನ್ನು ಕೈಯಲ್ಲಿ ಹಿಡಿದು ನೋಡಿ ಕೊಳ್ಳಬಹುದು. ಆನ್‌ಲೈನಿನಲ್ಲಿ ಕೊಳ್ಳುವವರು ಹಿಂಬದಿಯ ಚಿತ್ರವನ್ನೂ ಕೇಳಿ ಪಡೆಯಬೇಕು. ಕ್ಯಾಟಲಾಗಿನಲ್ಲಿರುವ ಬೆಲೆ ದೋಷವಿಲ್ಲದ ಪ್ರತಿಯನ್ನು ವ್ಯಾಪಾರಿ ಮಾರುವ ದರ. ನಿಮ್ಮಿಂದ ಕೊಳ್ಳುವಾಗ ಅವನು ಅಷ್ಟು ಕೊಡುವುದಿಲ್ಲ.

ನೆನೆಸುವುದು, ಒಣಗಿಸುವುದು

ಲಕೋಟೆಯ ತುಂಡಿನ ಮೇಲಷ್ಟೇ ಉಳಿದ ಸಾಮಾನ್ಯ ಚೀಟಿಯನ್ನು, ಠಸ್ಸೆ ಪೂರ್ತಿಯಾಗಿ ತುಂಡಿನ ಮೇಲೆ ಹರಡಿಲ್ಲವೆಂದು ಖಚಿತಪಡಿಸಿಕೊಂಡ ಮೇಲೆ, ತಣ್ಣೀರಿನಲ್ಲಿ ಬಿಡಿಸಬಹುದು. ಒಂದು ಸಲಕ್ಕೆ ಒಂದೇ ಚೀಟಿ ಹಾಕಿ. ಬಣ್ಣದ ಲಕೋಟೆಯ ತುಂಡನ್ನು ಬೇರೆ ಪಾತ್ರೆಯಲ್ಲಿಡಿ. ಆ ಕಾಲದ ಕೆಲವು ನೇರಳೆ ಮತ್ತು ಹಸಿರು ಶಾಯಿಗಳು ನೀರಿಗೆ ಬಣ್ಣ ಬಿಡುತ್ತವೆ. 1854ರ ಕಲ್ಲಚ್ಚಿನ ಚೀಟಿಗಳನ್ನೂ, 1855ರ ನೀಲಿ ಛಾಯೆಯ ಹೊಳಪು ಕಾಗದದ ನಾಲ್ಕಾಣೆ ಎಂಟಾಣೆಗಳನ್ನೂ ನೀರಿಗೆ ಇಳಿಸಲೇಬಾರದು. ಬಿಡಿಸಿದ ಚೀಟಿಯನ್ನು ಮುಖ ಕೆಳಗಾಗಿ ಶುಭ್ರ ಬಿಳಿ ಹೀರುಕಾಗದದ ಮೇಲೆ ನೆರಳಿನಲ್ಲಿ ಒಣಗಿಸಿ, ಆಮೇಲೆ ದಪ್ಪ ಪುಸ್ತಕದ ನಡುವೆ ಒತ್ತಿಡಬೇಕು. ಬಿಸಿಲಿಗೆ ಹಾಕಿದರೆ ಬಣ್ಣ ಮಂಕಾಗುತ್ತದೆ, ಅಂಟು ಉಳಿದ ಚೀಟಿ ಹಪ್ಪಳದಂತೆ ಸುರುಟಿಕೊಳ್ಳುತ್ತದೆ.

ಮಳೆಗಾಲ

ಬೇರೆ ಊರಿನ ಕೈಪಿಡಿಗಳು ಈ ವಿಷಯವನ್ನು ಎರಡು ಸಾಲಿನಲ್ಲಿ ಮುಗಿಸುತ್ತವೆ. ನಮಗೆ ಅಷ್ಟು ಸಾಲದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಗೋಡೆ, ಚಾಪೆ, ಚಪ್ಪಲಿ ಎಲ್ಲಕ್ಕೂ ಬೂಷ್ಟು ಹಿಡಿಯುವಾಗ ನೂರಮೂವತ್ತು ವರ್ಷ ಹಳೆಯ ಕಾಗದ ಮತ್ತು ಪ್ರಾಣಿಜನ್ಯ ಇಲ್ಲವೆ ಸಸ್ಯಜನ್ಯ ಅಂಟು ಸುಮ್ಮನಿರುವುದಿಲ್ಲ. ಮೊದಲ ಲಕ್ಷಣ ರಂಧ್ರಗಳ ತುದಿಯಲ್ಲಿ ಕಾಣುವ ತುಕ್ಕುಬಣ್ಣದ ಚುಕ್ಕೆ. ಅದು ಒಂದು ಚೀಟಿಯಿಂದ ಪಕ್ಕದ ಚೀಟಿಗೆ ಹಬ್ಬುತ್ತದೆ, ಆದ್ದರಿಂದ ಕಂಡ ಕೂಡಲೇ ಆ ಚೀಟಿಯನ್ನು ಬೇರೆ ಕವರಿಗೆ ಹಾಕಿ ದೂರ ಇಡಬೇಕು. ಬ್ಲೀಚಿಂಗ್ ಪುಡಿಯಲ್ಲಿ ತೊಳೆದರೆ ಚುಕ್ಕೆಯೊಂದಿಗೆ ಬಣ್ಣವೂ ಹೋಗುತ್ತದೆ, ಕಾಗದವೂ ಪುಡಿಯಾಗುತ್ತದೆ.

ಆಲ್ಬಮ್ಮನ್ನು ಪುಸ್ತಕದಂತೆ ನೆಟ್ಟಗೆ ನಿಲ್ಲಿಸಿಡಿ; ಮಲಗಿಸಿ ಒಂದರ ಮೇಲೊಂದು ಪೇರಿಸಿದರೆ ಭಾರಕ್ಕೆ ಅಂಟು ಪುಟಕ್ಕೆ ಹತ್ತಿಕೊಳ್ಳುತ್ತದೆ. ಹೊರಗೋಡೆಗೆ ಒರಗಿದ ಕಪಾಟು ಬೇಡ, ಹಂಚಿನ ಮಾಡಿನ ಅಟ್ಟವಂತೂ ಬೇಡವೇ ಬೇಡ. ಬಿಗಿಯಾದ ಮುಚ್ಚಳದ ಪೆಟ್ಟಿಗೆಯೊಳಗೆ ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಇಡುವುದು ಒಳ್ಳೆಯದು. ನೀಲಿ ಹರಳು ಗುಲಾಬಿಯಾದಾಗ ಬಾಣಲೆಯಲ್ಲಿ ಹದವಾಗಿ ಬಿಸಿ ಮಾಡಿ ಮತ್ತೆ ಬಳಸಬಹುದು, ಆದರೆ ಆ ಬಾಣಲೆ ಮತ್ತೆ ಅಡುಗೆಗೆ ಬರಬಾರದು. ತೇವಾಂಶ ತೋರಿಸುವ ಸಣ್ಣ ಮಾಪಕವೊಂದನ್ನು ಪೆಟ್ಟಿಗೆಯಲ್ಲಿಟ್ಟು ಶೇಕಡಾ 50ರ ಆಸುಪಾಸು ಇರುವಂತೆ ನೋಡಿಕೊಳ್ಳಿ. ಆಟಿ ತಿಂಗಳ ಜಡಿಮಳೆಯಲ್ಲಿ ಪೆಟ್ಟಿಗೆ ತೆರೆದು ಅತಿಥಿಗಳಿಗೆ ತೋರಿಸುವ ಉಮೇದು ಬೇಡ. ಡಿಸೆಂಬರ್–ಜನವರಿಯ ಒಣ ಹವೆಯಲ್ಲಿ ಪುಟಗಳನ್ನು ತೆರೆದು ಫ್ಯಾನಿನ ಗಾಳಿಗೆ ಒಡ್ಡುವುದು ಸರಿಯಾದ ಕಾಲ. ನುಸಿಗುಳಿಗೆಯನ್ನು ಆಲ್ಬಮ್ಮಿನೊಳಗೆ ಹಾಕಬಾರದು, ಅದು ಪ್ಲಾಸ್ಟಿಕ್ ಪುಟಗಳನ್ನು ಕೆಡಿಸುತ್ತದೆ. ಅಗ್ಗದ ಪಿವಿಸಿ ಪುಟಗಳೂ ಕಾಲಾಂತರದಲ್ಲಿ ಎಣ್ಣೆ ಬಿಟ್ಟು ಚೀಟಿಗೆ ಅಂಟುತ್ತವೆ. ಪಾಲಿಯೆಸ್ಟರ್ ಪುಟಗಳನ್ನೇ ಕೇಳಿ ಪಡೆಯಿರಿ. ಇನ್ನು ಲ್ಯಾಮಿನೇಷನ್ ಮತ್ತು ಸೆಲ್ಲೋಟೇಪು: ರೇಷನ್ ಕಾರ್ಡಿನಿಂದ ಜಾತಕದವರೆಗೆ ಎಲ್ಲವನ್ನೂ ಲ್ಯಾಮಿನೇಟ್ ಮಾಡಿಸುವ ನಮ್ಮವರ ಚಪಲವನ್ನು ಈ ಚೀಟಿಗಳ ಹತ್ತಿರ ಸುಳಿಯಗೊಡಬಾರದು.

ಪುಟದ ಬರವಣಿಗೆ

ಚೀಟಿಯನ್ನು ಪುಟಕ್ಕೆ ಏರಿಸಿದ ದಿನವೇ ಕೆಳಗೆ ಪೆನ್ಸಿಲಿನಿಂದ ವಿವರ ಬರೆಯಬೇಕು. ಬಾಲ್‌ಪೆನ್ನಿನ ಶಾಯಿ ತೇವಕ್ಕೆ ಹರಡುತ್ತದೆ. ಬೆಲೆ, ಬಣ್ಣ, ಚೌಕಟ್ಟಿನ ಬರಹ, ಜಲಚಿಹ್ನೆ, ರಂಧ್ರಮಾನ, ಠಸ್ಸೆ, ದೋಷ, ಎಲ್ಲಿಂದ ಬಂತು ಎಂಬುದು, ಇದೇ ಕ್ರಮದಲ್ಲಿ. ದೋಷವನ್ನು ಮುಚ್ಚಿಡದೆ ಬರೆಯುವುದು ಮುಖ್ಯ, ಮುಂದೆ ಮಾರುವಾಗಲೋ ಮಕ್ಕಳು ಪಾಲು ಮಾಡಿಕೊಳ್ಳುವಾಗಲೋ ತಕರಾರು ಬರುವುದಿಲ್ಲ. ಓದಲಾಗದ್ದನ್ನು ಓದಲಾಗುವುದಿಲ್ಲ ಎಂದೇ ಬರೆಯಿರಿ, ಊಹೆಯನ್ನು ಪ್ರಶ್ನಾರ್ಥಕ ಚಿಹ್ನೆಯೊಡನೆ ಸೂಚಿಸಿ. ಒಂದು ನಮೂನೆ ಹೀಗಿರಬಹುದು: ‘ಅರ್ಧಾಣೆ, ನೀಲಿಹಸಿರು, ಇಂಡಿಯಾ ಪೋಸ್ಟೇಜ್, ನಕ್ಷತ್ರ, ರಂಧ್ರಮಾನ 14, ಉಡಿಪಿ ಠಸ್ಸೆ, ತಿಂಗಳು ಮಾರ್ಚ್, ವರ್ಷ 189–, ಕೊನೆಯ ಅಂಕಿ ಮಸುಕು, ಎಡ ಕೆಳಮೂಲೆಯಲ್ಲಿ ಒಂದು ರಂಧ್ರ ಹರಿದಿದೆ, ಲಕೋಟೆಯ ತುಂಡಿನ ಮೇಲೆ, ತಾಯಿಯ ತವರುಮನೆಯ ಪೆಟ್ಟಿಗೆಯಿಂದ.’